ಕಾರ್ನರ್‌ನಲ್ಲಿ ಒಂದು ನಿಮಿಷ, ಮೈಕ್ ಮುಂದೆ ಮೂರು

ಬಾಕ್ಸಿಂಗ್ ಕಲಿಸಲು ಶುರು ಮಾಡಿದಾಗ ನನ್ನ ಹತ್ತಿರ ಇದ್ದದ್ದು ಎರಡು ಜೊತೆ ಗ್ಲೌಸ್, ಒಂದು ಸೀಟಿ, ಚಿಕ್ಕಮಗಳೂರಿನ ಪಕ್ಕದಲ್ಲೇ ನೆಂಟರೊಬ್ಬರ ತೋಟದ ಕಣ. ಕಾಫಿ ಒಣಗಿಸುವ ಕಾಲದಲ್ಲಿ ಕಣ ಸಿಗುತ್ತಿರಲಿಲ್ಲ. ಮಳೆಗಾಲದಲ್ಲಿ ಕಣ ಖಾಲಿ, ಆದರೆ ನಮ್ಮ ಮಳೆ ಗೊತ್ತಲ್ವಾ? ಆಗ ರತ್ನಗಿರಿ ಬೋರೆ ಹತ್ತಿ ಇಳಿಯುವುದೇ ಪ್ರಾಕ್ಟೀಸ್.

ಪಂಚಿಂಗ್ ಬ್ಯಾಗ್ ಕೊಳ್ಳಲು ದುಡ್ಡಿರಲಿಲ್ಲ. ಕಾಫಿಯ ಗೋಣಿಚೀಲಕ್ಕೆ ಮರಳು ತುಂಬಿ ಹಲಸಿನ ಮರಕ್ಕೆ ನೇತುಹಾಕಿದೆ. ವಾರದೊಳಗೆ ಮರಳೆಲ್ಲ ತಳಕ್ಕೆ ಇಳಿದು ಕಲ್ಲಿನ ಹಾಗಾಯಿತು. ಒಬ್ಬ ಹುಡುಗನ ಮಣಿಕಟ್ಟು ಊದಿಕೊಂಡಿತು. ಅವರಮ್ಮ ಬಂದು ಬೈದದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಹಳೆ ಸೀರೆ, ಪ್ಯಾಂಟು ಎಲ್ಲ ಕತ್ತರಿಸಿ, ಗುಂಡಿ-ಜಿಪ್ ಕಿತ್ತು, ಒದ್ದು ಒದ್ದು ತುಂಬಿದೆ. ಆ ಚೀಲ ಬಹಳ ವರ್ಷ ಬಂತು.

ಕಲಿಸುವುದಕ್ಕಿಂತ ಕಷ್ಟ ಕಾರ್ನರ್‌ನಲ್ಲಿ, ಅಂದರೆ ಬಿಡುವಿನಲ್ಲಿ ನಮ್ಮ ಹುಡುಗ ಬಂದು ಕೂರುವ ರಿಂಗಿನ ಮೂಲೆಯಲ್ಲಿ, ನಿಲ್ಲುವುದು. ನಮ್ಮ ಹುಡುಗರಿಗೆ ಮೂರು ನಿಮಿಷದ ಮೂರು ರೌಂಡ್, ನಡುವೆ ಒಂದು ನಿಮಿಷ ಬಿಡುವು. ಅವನು ಬಂದು ಕೂತು, ಉಸಿರು ಹಿಡಿದು, ಬಾಯಿಗೆ ನೀರು ಬೀಳುವಷ್ಟರಲ್ಲಿ ಅರ್ಧ ನಿಮಿಷ ಹೋಯಿತು. ಮೊದಮೊದಲು ನಾನು ಉಳಿದದ್ದರಲ್ಲಿ ಐದು ಮಾತು ತುರುಕುತ್ತಿದ್ದೆ. ಒಂದೂ ಅವನ ತಲೆಗೆ ಹೋಗುತ್ತಿರಲಿಲ್ಲ. ಈಗ ಒಂದೇ ಮಾತು. "ಎಡಗೈ ಇಳಿಸಬೇಡ ಮಗಾ." ಅಷ್ಟೇ.

ಟೆಡ್ಡಿ ಅಟ್ಲಾಸ್ ಅಂತ ಅಮೆರಿಕದ ಟ್ರೇನರ್ ಒಬ್ಬರಿದ್ದಾರೆ, ಟೀವಿ ಕಾಮೆಂಟರಿಯಲ್ಲೂ ದೊಡ್ಡ ಹೆಸರು. 1994ರಲ್ಲಿ ಹೋಲಿಫೀಲ್ಡ್ ವಿರುದ್ಧದ ಫೈಟ್‌ನಲ್ಲಿ ಅವರ ಶಿಷ್ಯ ಮೈಕಲ್ ಮೂರರ್ ಮಂಕಾಗಿ ಆಡುತ್ತಿದ್ದ. ರೌಂಡ್ ಮುಗಿಸಿ ಬರುವಷ್ಟರಲ್ಲಿ ಅವನ ಸ್ಟೂಲ್ ಮೇಲೆ ಇವರೇ ಕೂತಿದ್ದರು. ನಿನ್ನ ಬದಲು ನಾನೇ ಆಡಲಾ ಅನ್ನುವ ಹಾಗೆ. ಮೂರರ್ ಗೆದ್ದು ಹೆವಿವೇಟ್ ಚಾಂಪಿಯನ್ ಆದ. ಆ ವಿಡಿಯೋ ನೋಡಿದ ನಾನೂ ಒಂದು ಸಲ ಹಾಗೇ ಕೂತೆ. ನಮ್ಮ ಹುಡುಗ ಪಾಪ, ನನಗೇ ತಲೆ ಸುತ್ತು ಬಂತು ಅಂದುಕೊಂಡ. "ಸರ್, ನೀರು ಕುಡೀರಿ" ಅಂದ. ಸೋತೆವು.

ಕಾಮೆಂಟರಿಗೆ ಬಂದದ್ದು ಆಕಸ್ಮಿಕ. ಒಂದು ಟೂರ್ನಮೆಂಟ್ ತೋರಿಸುತ್ತಿದ್ದ ಕೇಬಲ್ ಚಾನೆಲ್‌ನವರಿಗೆ ಮಾತಾಡುವವರು ಬೇಕಿತ್ತು. ಸಂಭಾವನೆ ಅಂದರೆ ಊಟ, ಬೈಕಿಗೆ ಪೆಟ್ರೋಲ್. ರೇಡಿಯೊದಲ್ಲಿ ಕ್ರಿಕೆಟ್ ಕೇಳಿ ಬೆಳೆದವನು ನಾನು, ಬಾಯಿ ಮುಚ್ಚಲೇ ಇಲ್ಲ. "ಹೊಡೆದ, ಮತ್ತೆ ಹೊಡೆದ!" ಮನೆಗೆ ಬಂದರೆ ಹೆಂಡತಿ, "ಹೊಡೆದದ್ದು ನಮಗೂ ಕಾಣುತ್ತೆ ಕಣ್ರೀ" ಅಂದಳು.

ಸರಿಯಾಗೇ ಹೇಳಿದ್ದಳು. ನೋಡುವವರ ಕಣ್ಣು ಕೈ ಮೇಲಿರುತ್ತದೆ, ನಾನು ಹೇಳಬೇಕಾದದ್ದು ಕಾಲಿನ ಸಮಾಚಾರ. ಎದುರಾಳಿ ಎಡಚನಾದರೆ ಯಾರ ಮುಂದಿನ ಕಾಲು ಇನ್ನೊಬ್ಬನ ಮುಂದಿನ ಕಾಲಿಗಿಂತ ಹೊರಗಿದೆ ನೋಡಿ. ಸಾಮಾನ್ಯವಾಗಿ ಅವನಿಗೇ ಹಿಂದಿನ ಕೈಯಿಂದ ನೇರ ಗುದ್ದಲು ದಾರಿ ಸಿಗುತ್ತದೆ. ಇದನ್ನು ಒಂದು ಸಲ ಹೇಳಿ ಸುಮ್ನಿದ್ದರೆ ಸಾಕು. ಜಾಬ್ (ಮುಂದಿನ ಕೈಯ ನೇರ ಗುದ್ದು), ಹುಕ್ (ಪಕ್ಕದಿಂದ ಬೀಸುವ ಗುದ್ದು) ಇವಕ್ಕೆಲ್ಲ ಕನ್ನಡ ಪದ ಮಾಡಲು ಹೋಗಿ ನಗೆಪಾಟಲಾದೆ. ಈಗ ಜಾಬ್ ಅಂದರೆ ಜಾಬ್.

ಅಂಕದ ಲೆಕ್ಕ ಮಾತ್ರ ಇವತ್ತಿಗೂ ಬಿಡಿಸಿ ಹೇಳಬೇಕು. 2008ರಲ್ಲಿ ನಮ್ಮ ಬಾಕ್ಸರ್ ವಿಜೇಂದರ್ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ ಜಡ್ಜ್‌ಗಳು ಬಟನ್ ಒತ್ತಿ ಗುದ್ದು ಎಣಿಸುತ್ತಿದ್ದರು. 2013ರಿಂದ ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ಗುದ್ದಿನ ಸದ್ದು ಜೋರಾಗಿದ್ದರೆ ಸಾಲದು, ಗ್ಲೌಸಿನ ಗೆಣ್ಣಿನ ಭಾಗ ತಲೆಗೋ ಮೈಗೋ ನೆಟ್ಟಗೆ ತಾಗಬೇಕು, ತೋಳಿಗಲ್ಲ.

ಇದನ್ನೆಲ್ಲ ಊರಿಗೆ ಹೇಳುವ ನಾನೇ ಒಮ್ಮೆ ಎಡವಿದೆ. ನನ್ನದೇ ಹುಡುಗ ರಿಂಗ್‌ನಲ್ಲಿದ್ದಾಗ ಮೈಕ್ ಹಿಡಿದು, ಎರಡನೇ ರೌಂಡ್ ಇವನದೇ ಅಂತ ಕೂಗಿಬಿಟ್ಟೆ. ತೀರ್ಪು ಎದುರಾಳಿಯ ಪರ ಬಂತು. ಅನ್ಯಾಯ ಅಂತ ರಾತ್ರಿಯೆಲ್ಲ ಕುದಿದೆ. ಮಾರನೇ ದಿನ ಇಬ್ಬರೂ ಕೂತು ರೆಕಾರ್ಡಿಂಗ್ ನೋಡಿದೆವು, ಸೌಂಡ್ ಆಫ್ ಮಾಡಿ. ಇವನ ಗುದ್ದು ಬಹುಪಾಲು ಎದುರಾಳಿಯ ತೋಳಿನ ಮೇಲೇ ಬಿದ್ದಿತ್ತು.

"ಸರ್, ಈ ರೌಂಡ್ ನಂದಲ್ಲ ಅಲ್ವಾ?" ಅಂದ.

"ಅಲ್ಲ ಮಗಾ."

ಅವನು ರಿಮೋಟ್ ತಗೊಂಡು ಮತ್ತೆ ಮೊದಲಿಂದ ಹಾಕಿದ.