ರೈಲಿನ ದಾರಿಯನ್ನು ನಕ್ಷೆಯಲ್ಲಿ ಗುರುತಿಸುವುದು ಹೇಗೆ?

ಕಳೆದ ತಿಂಗಳು ಅಕ್ಕನ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್‌ನ ದಾರಿ ಬರೆದು ತಂದು ತೋರಿಸಿದಳು. ಕೆಂಪು ಸ್ಕೆಚ್ ಪೆನ್ನಿನಲ್ಲಿ ನೀಟಾದ ಗೆರೆ. ಆದರೆ ಸಕಲೇಶಪುರ ದಾಟಿದ ಮೇಲೆ ಅದು ಮಾರನಹಳ್ಳಿ, ಗುಂಡ್ಯ, ಉಪ್ಪಿನಂಗಡಿ ಹಿಡಿದು ಹೋಗಿತ್ತು. ಅದು ಬಸ್ಸಿನ ದಾರಿ, ಶಿರಾಡಿ ಘಾಟಿ. ರೈಲು ಸುಬ್ರಹ್ಮಣ್ಯ ರೋಡ್, ಪುತ್ತೂರು ಬಳಸಿಕೊಂಡು ಹೋಗುತ್ತದೆ. ಮೊಬೈಲಿನಲ್ಲಿ ಎರಡು ಊರಿನ ಹೆಸರು ಹಾಕಿ ಬಂದ ನೀಲಿ ಗೆರೆಯನ್ನೇ ಅವಳು ನಂಬಿದ್ದಳು. ದೊಡ್ಡವರೂ ಇದೇ ತಪ್ಪು ಮಾಡುವುದನ್ನು ಹಾಸನದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ರೈಲಿನ ನಂಬರ್

ಹೆಸರಿನಿಂದ ಶುರು ಮಾಡಬೇಡಿ, ನಂಬರಿನಿಂದ ಮಾಡಿ. ಪಂಚಗಂಗಾ ಹೋಗುವಾಗ 16595, ಬರುವಾಗ 16596. ಒಂದು ದಿಕ್ಕನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ನಿಲ್ಲದ ಸ್ಟೇಷನ್ನುಗಳೂ ಬೇಕು

ವೇಳಾಪಟ್ಟಿಯಲ್ಲಿ ಇರುವುದು ರೈಲು ನಿಲ್ಲುವ ಊರುಗಳು ಮಾತ್ರ. ಅವನ್ನಷ್ಟೇ ಚುಕ್ಕಿ ಇಟ್ಟು ಸ್ಕೇಲಿನಲ್ಲಿ ಜೋಡಿಸಿದರೆ ಅದು ರೈಲಿನ ದಾರಿ ಆಗುವುದಿಲ್ಲ. ನಡುವೆ ಹಾದುಹೋಗುವ ಸಣ್ಣ ಸ್ಟೇಷನ್ನುಗಳನ್ನೂ ಬರೆದುಕೊಳ್ಳಿ. ‘ವೇರ್ ಈಸ್ ಮೈ ಟ್ರೈನ್’ ಆ್ಯಪಿನಲ್ಲಿ ನಿಲ್ಲದ ಸ್ಟೇಷನ್ನುಗಳೂ ಕಾಣುತ್ತವೆ; ನನಗೆ ಅದೇ ಸಾಕು. ಹೆಸರಿನ ಪಕ್ಕ ಸ್ಟೇಷನ್ ಕೋಡನ್ನೂ ಬರೆದಿಡಿ, ಹುಡುಕುವಾಗ ಗೊಂದಲ ತಪ್ಪುತ್ತದೆ. ಕೋಡನ್ನು ಊಹಿಸಲು ಹೋಗಬೇಡಿ: ಕಡೂರಿನ ಕೋಡು ಡಿ-ಆರ್-ಯು, ಬೀರೂರಿನದು ಆರ್-ಆರ್-ಬಿ.

ನಕ್ಷೆ ಯಾವುದು?

ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಸಿಗುವ ಮಿರಿಮಿರಿ ಮಿಂಚುವ ಪ್ರವಾಸಿ ನಕ್ಷೆ ಕೊಳ್ಳಬೇಡಿ. ಅದರಲ್ಲಿ ರೈಲು ಮಾರ್ಗವನ್ನು ಅಂದಾಜಿಗೆ ಎಳೆದಿರುತ್ತಾರೆ. ಹಳೆಯ ಅಟ್ಲಾಸ್ ಆದರೆ ಅಚ್ಚಾದ ವರ್ಷ ನೋಡಿ. ಕಡೂರು–ಚಿಕ್ಕಮಗಳೂರು ಮಾರ್ಗದಲ್ಲಿ ರೈಲು ಓಡಿದ್ದು 2013ರಲ್ಲಿ. ಕುಣಿಗಲ್, ಶ್ರವಣಬೆಳಗೊಳ ಮೂಲಕ ಹಾಸನಕ್ಕೆ ಬೆಂಗಳೂರಿನ ನೇರ ಮಾರ್ಗ ಪೂರ್ತಿ ತೆರೆದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಪಂಚಗಂಗಾ ಓಡುವ ಹಳಿಯೇ ಇರುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಸಿಗುವ ಓಪನ್ ರೈಲ್ವೇ ಮ್ಯಾಪ್ ಬಳಸಿ. ಇದು ಜನರೇ ಸೇರಿ ತಯಾರಿಸುವ ಓಪನ್ ಸ್ಟ್ರೀಟ್ ಮ್ಯಾಪ್ ಎಂಬ ನಕ್ಷೆಯ ಮಾಹಿತಿಯಿಂದಲೇ ತಯಾರಾದದ್ದು; ರಸ್ತೆಗಳು ಮಸುಕಾಗಿ, ಹಳಿಗಳು ಬಣ್ಣದಲ್ಲಿ ಎದ್ದು ಕಾಣುತ್ತವೆ. ತುಂಡು ತುಂಡಾಗಿ ಕಾಣುವ ಗೆರೆಗಳ ಬಗ್ಗೆ ಮಾತ್ರ ಎಚ್ಚರ. ಕೆಲವು ಸುರಂಗ, ಕೆಲವು ಇನ್ನೂ ಕೆಲಸ ಮುಗಿಯದ ಮಾರ್ಗ. ಚಿಕ್ಕಮಗಳೂರಿನಿಂದ ಬೇಲೂರಿನ ಕಡೆಗೆ ಅಂಥ ಗೆರೆ ಕಂಡರೆ ಅದರ ಮೇಲೆ ರೈಲು ಓಡಿಸಬೇಡಿ.

ಜಂಕ್ಷನ್ನಿನಲ್ಲಿ ನಿಂತು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಜಂಕ್ಷನ್ ಬಂದಾಗಲೆಲ್ಲ ಕೈ ತಡೆದು ಎರಡು ಪ್ರಶ್ನೆ ಕೇಳಿಕೊಳ್ಳಿ: ರೈಲು ಯಾವ ಕಡೆಯಿಂದ ಒಳಗೆ ಬಂತು? ಯಾವ ಕಡೆಯಿಂದ ಹೊರಗೆ ಹೋಯಿತು?

ನಮ್ಮ ಹಾಸನವನ್ನೇ ತೆಗೆದುಕೊಳ್ಳಿ. ಇಲ್ಲಿ ನಾಲ್ಕು ಕಡೆಯ ಹಳಿ ಸೇರುತ್ತದೆ: ಅರಸೀಕೆರೆ, ಮೈಸೂರು, ಮಂಗಳೂರು, ಬೆಂಗಳೂರು. ಪಂಚಗಂಗಾ ಬರುವುದು ಕುಣಿಗಲ್, ಯಡಿಯೂರು, ಶ್ರವಣಬೆಳಗೊಳ, ಚನ್ನರಾಯಪಟ್ಟಣದ ಮೇಲೆ. ಬೆಂಗಳೂರಿನಿಂದ ಮುರುಡೇಶ್ವರಕ್ಕೆ ಹೋಗುವ ರೈಲೂ ಹಾಸನಕ್ಕೆ ಬರುತ್ತದೆ, ಆದರೆ ಮಂಡ್ಯ, ಮೈಸೂರು, ಕೆ.ಆರ್. ನಗರ, ಹೊಳೆನರಸೀಪುರ ಸುತ್ತಿಕೊಂಡು. ಎರಡೂ ಹೊರಡುವುದು ಬೆಂಗಳೂರಿನಿಂದ, ಎರಡೂ ಇಳಿಯುವುದು ಒಂದೇ ಘಾಟಿಯಲ್ಲಿ. ಹೊರಟ ಊರು ಮತ್ತು ಹಾಸನ ಎರಡನ್ನೇ ನೋಡಿ ಗೆರೆ ಎಳೆದವರು ಇಲ್ಲಿ ಅರ್ಧ ದಾರಿ ತಪ್ಪುತ್ತಾರೆ.

ಈಗ ಮೈಸೂರನ್ನು ದೊಡ್ಡದು ಮಾಡಿಕೊಂಡು ನೋಡಿ. ಬೆಂಗಳೂರಿನಿಂದ ಬರುವ ಹಳಿಯೂ ಹಾಸನಕ್ಕೆ ಹೊರಡುವ ಹಳಿಯೂ ಸ್ಟೇಷನ್ನಿನ ಒಂದೇ ತುದಿಯಲ್ಲಿವೆ. ಕವಲೊಡೆದ ಕೊಂಬೆಯ ಹಾಗೆ ಗೆರೆ ಚೂಪಾಗಿ ಹಿಂದಕ್ಕೆ ತಿರುಗುತ್ತದೆ. ರೈಲಿಗೆ ಹಾಗೆ ಚೂಪಾಗಿ ತಿರುಗಲು ಆಗುವುದಿಲ್ಲ, ಅದರ ತಿರುವುಗಳು ಅಗಲವಾದ ಕಮಾನು. ಹಾಗಾಗಿ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು. ಬೆಂಗಳೂರಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರು ಮೈಸೂರಿನ ನಂತರ ಹಿಂದಕ್ಕೆ ಮುಖ ಮಾಡಿ ಹೋಗುವುದು ಇದಕ್ಕೇ. ನಿಮ್ಮ ಗೆರೆಯಲ್ಲಿ ಚೂಪು ಮೂಲೆ ಬಂತೋ, ಒಂದೋ ಅಲ್ಲಿ ಎಂಜಿನ್ ತುದಿ ಬದಲಾಗುತ್ತದೆ, ಇಲ್ಲವೇ ನೀವು ತಪ್ಪು ಹಳಿ ಹಿಡಿದಿದ್ದೀರಿ. ಯಾವುದೆಂದು ತಿಳಿಯದೆ ಮುಂದಿನ ಸ್ಟೇಷನ್ನಿಗೆ ಹೋಗಬೇಡಿ.

ಮಂಗಳೂರಿನ ಹತ್ತಿರ ಇನ್ನೊಂದು ಮೋಸದ ಜಾಗವಿದೆ. ಪಂಚಗಂಗಾ ಮಂಗಳೂರು ಸೆಂಟ್ರಲ್‌ಗೂ ಹೋಗುವುದಿಲ್ಲ, ಜಂಕ್ಷನ್‌ಗೂ ಹೋಗುವುದಿಲ್ಲ. ಪಡೀಲ್‌ನಲ್ಲೇ ಬಲಕ್ಕೆ ಹೊರಳಿ ಸುರತ್ಕಲ್ ಕಡೆಗೆ ಹೊರಡುತ್ತದೆ. ಮುರುಡೇಶ್ವರದ ರೈಲು ಸೆಂಟ್ರಲ್ ಒಳಗೆ ಹೋಗಿ ಹಿಂದಿರುಗುತ್ತದೆ. ನಕ್ಷೆಯಲ್ಲಿ ಒಂದು ಬೆರಳಿನ ಉಗುರಿನಷ್ಟು ಜಾಗ, ಆದರೆ ಎರಡು ರೈಲಿನ ಗೆರೆ ಬೇರೆಬೇರೆ.

ಘಾಟಿಯ 55 ಕಿಲೋಮೀಟರ್

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ. 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ ಕಡಿದಾದ ಹಳಿ. ಇಲ್ಲಿ ಉಪಗ್ರಹದ ಚಿತ್ರವನ್ನು ನಂಬಿ ಹೊರಟರೆ ಗೆರೆ ಕಾಡಿನಲ್ಲಿ ಕಳೆದುಹೋಗುತ್ತದೆ: ಹಳಿ ಸುರಂಗದೊಳಗೆ ಹೋಗಿ ಮಾಯ, ಹೊರಗೆ ಬಂದ ಕೂಡಲೇ ಮರದ ನೆರಳು. ಸಾಮಾನ್ಯ ನಕ್ಷೆಯನ್ನೇ ಇಟ್ಟುಕೊಂಡು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೋಗಿ: ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಪ್ರತಿ ತಿರುವಿಗೂ ಒಂದೊಂದು ಚುಕ್ಕಿ ಇಡಿ. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಗೆರೆ ಎಳೆಯುವವರು ಇನ್ನೂ ಒತ್ತೊತ್ತಾಗಿ ಇಡಿ, ಅದು ಎರಡು ಚುಕ್ಕಿಯ ನಡುವೆ ನೇರ ಗೆರೆ ಎಳೆದುಬಿಡುತ್ತದೆ. ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಗೆರೆಯನ್ನು ಕುಕ್ಕೆ ದೇವಸ್ಥಾನದವರೆಗೆ ಎಳೆದವರನ್ನೂ ಕಂಡಿದ್ದೇನೆ.

ನಾನಂತೂ ಈ ಭಾಗವನ್ನು ಟ್ರೇಸಿಂಗ್ ಪೇಪರಿನಲ್ಲೇ ಮಾಡುವುದು. ನಕ್ಷೆಯ ಪ್ರಿಂಟ್ ತೆಗೆದು, ಮೇಲೆ ಪೇಪರ್ ಇಟ್ಟು, ನಾಲ್ಕು ಮೂಲೆಗೆ ಟೇಪ್ ಹಚ್ಚಿ, ಎಚ್‌ಬಿ ಪೆನ್ಸಿಲ್. ಸ್ಕೆಚ್ ಪೆನ್ ಬೇಡವೇ ಬೇಡ; ದಪ್ಪ ಗೆರೆ ಮೂರು ತಿರುವನ್ನು ಒಂದೇ ಏಟಿಗೆ ನುಂಗುತ್ತದೆ.

ಕಿಲೋಮೀಟರ್ ತಾಳೆ

ವೇಳಾಪಟ್ಟಿಯಲ್ಲಿ ಪ್ರತಿ ಸ್ಟೇಷನ್ನಿನ ಎದುರು ಕಿಲೋಮೀಟರ್ ಇರುತ್ತದೆ. ನಿಮ್ಮ ಗೆರೆಯನ್ನು ಅಳೆದು ಅದರೊಂದಿಗೆ ಹೋಲಿಸಿ. ಕಾಗದದ ಮೇಲಾದರೆ ಗೆರೆಯ ಗುಂಟ ನೂಲು ಹಾಸಿ ಅಳೆಯಬಹುದು. ಘಾಟಿಯಲ್ಲಿ 55ರ ಬದಲು 40 ಬಂದರೆ ತಿರುವುಗಳನ್ನು ಕತ್ತರಿಸಿದ್ದೀರಿ, ಹಿಂದಕ್ಕೆ ಹೋಗಿ. ಸುರತ್ಕಲ್ ಹತ್ತಿರದ ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ. ಅಲ್ಲಿ ಟಿಕೆಟ್ ದರಕ್ಕೆ ನಿಜವಾದ ದೂರಕ್ಕಿಂತ ಶೇ 40 ಹೆಚ್ಚು ಲೆಕ್ಕ ಹಾಕುತ್ತಾರೆ. ಟಿಕೆಟಿನ ಮೇಲಿನ ಕಿಲೋಮೀಟರ್ ಹಿಡಿದು ತಾಳೆ ನೋಡಿ ಗಾಬರಿಯಾಗಬೇಡಿ.

ಪ್ರಯಾಣದ ದಿನ

ಕಾಗದವನ್ನು ಜೊತೆಗೆ ಒಯ್ಯಿರಿ. ಘಾಟಿಯಲ್ಲಿ ಮೊಬೈಲಿಗೆ ಸಿಗ್ನಲ್ ನಂಬುವ ಹಾಗಿಲ್ಲ. ಹಗಲಿನ ರೈಲಾದರೆ ಸ್ಟೇಷನ್ ದಾಟಿದ ಹಾಗೆಲ್ಲ ಒಂದು ಗುರುತು ಹಾಕಿ. ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ, ಅದನ್ನೂ ನಕ್ಷೆಯಲ್ಲಿ ಚುಕ್ಕಿಯ ಪಕ್ಕ ಬರೆಯಿರಿ. ಸಕಲೇಶಪುರದ ಅಂಕಿಯಿಂದ ಸುಬ್ರಹ್ಮಣ್ಯ ರೋಡ್‌ನ ಅಂಕಿಯನ್ನು ಕಳೆದರೆ, ಆ 57 ಸುರಂಗಗಳಲ್ಲಿ ರೈಲು ನಿಮ್ಮನ್ನು ಎಷ್ಟು ಮೀಟರ್ ಕೆಳಗಿಳಿಸಿತು ಎಂಬ ಲೆಕ್ಕ ಸಿಗುತ್ತದೆ.