ಶೂನ್ಯ ಟಿಕೆಟ್ಟಿನ ಆಚೆಗೆ: ಆಳಂದ ರಸ್ತೆಯಲ್ಲೊಂದು ಮೌಲ್ಯಮಾಪನ

ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯ ಪರಿಣಾಮವನ್ನು ಕಲಬುರಗಿ–ಆಳಂದ ಮಾರ್ಗದಲ್ಲಿ ಅಳೆಯುವ ಕೆಲಸವನ್ನು ನನ್ನ ಅರ್ಥಶಾಸ್ತ್ರದ ವಿದ್ಯಾರ್ಥಿಗಳೊಂದಿಗೆ ಕೈಗೆತ್ತಿಕೊಂಡಾಗ, ಎಲ್ಲರ ಬಾಯಲ್ಲೂ ಇದ್ದ ಸೂಚಕ ಶೂನ್ಯ ಟಿಕೆಟ್ಟುಗಳ, ಅಂದರೆ ಹಣ ಪಡೆಯದೆ ಮಹಿಳೆಯರಿಗೆ ಕೊಡುವ ಟಿಕೆಟ್ಟುಗಳ ಸಂಖ್ಯೆ. ಆ ಟಿಕೆಟ್ಟುಗಳ ಮೌಲ್ಯವನ್ನು ಸರ್ಕಾರ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಭರಿಸಬೇಕಾದ್ದರಿಂದ ಲೆಕ್ಕಪತ್ರಕ್ಕೆ ಅದು ಬೇಕೇ ಬೇಕು. ಆದರೆ ಟಿಕೆಟ್ ಯಂತ್ರ ಎಣಿಸುವುದು ಬಸ್ಸು ಹತ್ತಿದ ಸಲಗಳನ್ನು, ಹತ್ತಿದವರನ್ನಲ್ಲ. ಕಡಗಂಚಿಯಿಂದ ಕಲಬುರಗಿಗೆ ಬಂದು, ನಗರ ಸಾರಿಗೆಯ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ, ಹಾಗೆಯೇ ಮರಳುವ ಹೆಣ್ಣುಮಗಳು ಆ ಲೆಕ್ಕದಲ್ಲಿ ನಾಲ್ಕಾಗುತ್ತಾಳೆ.

ಇದಕ್ಕಿಂತ ದೊಡ್ಡ ತೊಡಕು ಹೋಲಿಕೆಯದು. ಹಿಂದಿನ ಟಿಕೆಟ್ಟಿನಲ್ಲಿ ದೊಡ್ಡವರು, ಮಕ್ಕಳು ಎಂಬ ಭೇದವಿತ್ತೇ ಹೊರತು ಹೆಣ್ಣು, ಗಂಡು ಎಂಬುದಿರಲಿಲ್ಲ. ಹಾಗಾಗಿ ಮಹಿಳೆಯರ ಪ್ರಯಾಣ ಎಷ್ಟು ಹೆಚ್ಚಿತೆಂದು ಹೇಳಲು ಹಳೆಯ ಅಂಕಿಯೇ ಸಿಗುವುದಿಲ್ಲ. ಅಂತರರಾಜ್ಯ ಬಸ್ಸುಗಳಿಗೆ ಯೋಜನೆ ಅನ್ವಯಿಸದ ಕಾರಣ, ಆಳಂದ ದಾಟಿ ಮಹಾರಾಷ್ಟ್ರಕ್ಕೆ ಹೋಗುವ ಬಸ್ಸುಗಳನ್ನು ಹೋಲಿಕೆಗೆ ಇಟ್ಟುಕೊಳ್ಳೋಣವೆಂದು ವಿದ್ಯಾರ್ಥಿಯೊಬ್ಬ ಸೂಚಿಸಿದ. ಜಾಣ ಸಲಹೆಯೇ, ಆದರೆ ಅದೇ ರಸ್ತೆಯಲ್ಲಿ ಉಚಿತ ಬಸ್ಸು ಇರುವಾಗ ಹೆಂಗಸರು ಅಂತರರಾಜ್ಯ ಬಸ್ಸನ್ನು ಬಿಟ್ಟು ಅದನ್ನು ಹತ್ತುತ್ತಾರೆ, ಎಂದರೆ ಹೋಲಿಕೆಗೆ ಇಟ್ಟುಕೊಂಡ ಬಸ್ಸುಗಳ ಮೇಲೂ ಯೋಜನೆಯ ಪ್ರಭಾವ ಬಿದ್ದೇ ಇರುತ್ತದೆ.

ಕೊನೆಗೆ ನಿಲ್ದಾಣದಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದೆವು: ಟಿಕೆಟ್ಟಿಗೆ ಹಣ ಕೊಡಬೇಕಿದ್ದರೆ ಇವತ್ತು ಹೇಗೆ ಬರುತ್ತಿದ್ದಿರಿ? ಇದೇ ಬಸ್ಸು, ಟಂಟಂ ಅಥವಾ ಕ್ರೂಸರ್, ಮನೆಯವರ ಬೈಕು, ಬರುತ್ತಲೇ ಇರಲಿಲ್ಲ ಎಂದು ಉತ್ತರಗಳನ್ನು ವಿಂಗಡಿಸಿದೆವು. ಮೊದಲ ಗುಂಪಿಗೆ ಯೋಜನೆಯಿಂದ ಆದದ್ದು ಹಣದ ಉಳಿತಾಯ; ‘ಎಲ್ಲಿ ಬರ್ತಿದ್ವಿ ಬಿಡ್ರಿ ಸರ’ ಎಂದ ಕೊನೆಯ ಗುಂಪಿಗೆ ಮಾತ್ರ ಅದು ಹೊಸ ಸಂಚಾರ. ಶೂನ್ಯ ಟಿಕೆಟ್ಟು ಇವೆರಡನ್ನೂ ಒಂದೇ ಎಂದು ಬರೆದುಕೊಳ್ಳುತ್ತದೆ.

ಲೋಡ್ ಫ್ಯಾಕ್ಟರನ್ನೂ ನಾವು ಒಂಟಿಯಾಗಿ ಬಳಸಲಿಲ್ಲ. ಬಸ್ಸಿನ ಆಸನ ಸಾಮರ್ಥ್ಯದಲ್ಲಿ ಎಷ್ಟು ಪಾಲು ತುಂಬಿತೆಂದು ಅದು ಹೇಳುತ್ತದೆ. ನಿಗಮದ ಕಣ್ಣಿಗೆ ಅದು ಏರಿದಷ್ಟೂ ಒಳ್ಳೆಯದು. ಟ್ರಿಪ್ಪುಗಳು ಹೆಚ್ಚದೆ ಅದೊಂದೇ ಏರಿದರೆ, ಬಾಗಿಲಲ್ಲಿ ಜೋತುಬಿದ್ದ ಕಾಲೇಜು ಹುಡುಗರೂ ಆ ಯಶಸ್ಸಿನ ಭಾಗವಾಗಿಬಿಡುತ್ತಾರೆ. ಆದ್ದರಿಂದ ದಿನದ ಸರಾಸರಿಯನ್ನು ಬಿಟ್ಟು ಬೆಳಗಿನ ಹೊತ್ತಿನ ಅಂಕಿಯನ್ನು ಬೇರೆಯಾಗಿ ತೆಗೆದೆವು, ಮತ್ತು ಅದರ ಪಕ್ಕದ ಕಾಲಂನಲ್ಲಿ ಬಸ್ಸು ನಿಲ್ಲಿಸದೆ ಹೋದಾಗ ನಿಲ್ದಾಣದಲ್ಲೇ ಉಳಿದವರ ಸಂಖ್ಯೆಯನ್ನು ಬರೆದೆವು.