ಲ್ಯೂರ್‌ಗಿಂತ ಮುಂದೆ ಹೋಗುವ ಗರಿ: ಟೀಸರ್ ಫ್ಲೈ ಕಟ್ಟಿದ ನನ್ನ ಅನುಭವ

ಸಮುದ್ರದಲ್ಲಿ ಲ್ಯೂರ್‌ನ (ಮೀನಿನಂತೆ ಕಾಣುವ ಕೃತಕ ಎರೆ) ಮುಂದೆ ಟೀಸರ್ ಫ್ಲೈ (ಗರಿ, ಕೂದಲು ಕಟ್ಟಿದ ಸಣ್ಣ ಗಾಳ) ಕಟ್ಟಿ ಎಸೆಯುತ್ತೇನೆ ಎಂದಾಗ ಕೊಡಗಿನ ನಮ್ಮ ಗಾಳದ ಬಳಗದಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ವಾಲ್ನೂರಿನ ಕಾವೇರಿಯಲ್ಲಿ ಸ್ಪೂನ್ ಎಂಬ ಲೋಹದ ಲ್ಯೂರ್ ಎಸೆದು, ಮಶೀರ್ ಹಿಡಿದು ಬಿಟ್ಟು ಕಲಿತವರು ನಾವು. ಒಂದು ದಾರಕ್ಕೆ ಒಂದೇ ಲ್ಯೂರ್ ಎಂಬುದು ನಮ್ಮಲ್ಲಿ ಯಾರೂ ಪ್ರಶ್ನಿಸದ ಮಾತು. ನನಗೆ ರಾಡ್ ಹಿಡಿಯಲು ಕಲಿಸಿದ ಸೋದರಮಾವನವರೇ, "ಎಸೆತವೂ ಕೆಡುತ್ತದೆ, ದಾರವೂ ಸಿಕ್ಕಾಗುತ್ತದೆ, ಮೀನಂತೂ ಬರುವುದಿಲ್ಲ ಮಗಾ" ಎಂದಿದ್ದರು. ಕರಾವಳಿಯ ಗೆಳೆಯರ ಅಭಿಪ್ರಾಯವೂ ಅದೇ ಆಗಿತ್ತು. ಈಗ ಕೆಲವು ಹಂಗಾಮುಗಳು ಕಳೆದ ಮೇಲೆ, ಮಂಗಳೂರಿನ ಬಳಿಯ ಸಸಿಹಿತ್ಲುವಿನ ಅಳಿವೆಯಲ್ಲಿ ಸಣ್ಣ ಮೀನಿನ ಹಿಂಡು ದಡಕ್ಕೆ ಒತ್ತಿ ಬಂದಿರುವಾಗ ನನಗೆ ಸಿಗುವ ನಾಲ್ಕು ಮೀನುಗಳಲ್ಲಿ ಸುಮಾರು ಮೂರು ಆ ಫ್ಲೈಯನ್ನೇ ಕಚ್ಚಿರುತ್ತವೆ, ಮತ್ತು ಅಂದು ಬೇಡವೆಂದವರೇ ಇಂದು ಫ್ಲೈ ಕಟ್ಟಿಕೊಡುವಂತೆ ಕೇಳುತ್ತಿದ್ದಾರೆ. ಆದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮಡಿಕೇರಿಯಿಂದ ಸಂಪಾಜೆ ಘಟ್ಟ ಇಳಿದು, ಸುಳ್ಯ, ಪುತ್ತೂರಿನ ಮೇಲೆ ಮಂಗಳೂರಿಗೆ ಸುಮಾರು 140 ಕಿಲೋಮೀಟರ್. ಹೋಗಿ ಬರಲು ಪೆಟ್ರೋಲಿಗೇ ಎರಡು ಸಾವಿರ ರೂಪಾಯಿಯಷ್ಟು ಬೇಕು. ಕೈಲ್ ಮುಹೂರ್ತ ಹಬ್ಬ ಮುಗಿದು ಮಳೆ ಇಳಿದ ಮೇಲೆ, ಅರೇಬಿಕಾ ಕೊಯ್ಲು ಬಿರುಸಾಗುವ ಮೊದಲು ನಮಗೆ ಸಿಗುವ ಬಿಡುವು ಬಹಳ ಕಡಿಮೆ. ಇಷ್ಟು ಖರ್ಚು ಮಾಡಿ ಹೋದವರು ಖಾಲಿ ಕೈಯಲ್ಲಿ ಘಟ್ಟ ಹತ್ತುವುದು ಎಷ್ಟು ಬೇಸರದ ಕೆಲಸವೆಂದು ನಮ್ಮವರಿಗೆಲ್ಲ ಗೊತ್ತಿದೆ. ಶಾಂಭವಿ ಮತ್ತು ನಂದಿನಿ ನದಿಗಳು ಕೂಡಿ ಕಡಲು ಸೇರುವ ಆ ಜಾಗದಲ್ಲಿ, ಇಳಿತದ ನೀರಿನೊಡನೆ ಬೆರಳುದ್ದದ ಮರಿಮೀನುಗಳು ಹೊರಗೆ ಬರುವಾಗ, ಅವನ್ನು ಬೇಟೆಯಾಡುವ ಟ್ರೆವಲಿ ಮೀನುಗಳು ಕಣ್ಣೆದುರೇ ನೀರು ಚಿಮ್ಮಿಸುತ್ತಾ ನನ್ನ 40 ಗ್ರಾಂ ಮೆಟಲ್ ಜಿಗ್ಗನ್ನು (ಲೋಹದ ಭಾರದ ಲ್ಯೂರ್) ಮೂಸಿಯೂ ನೋಡದೆ ಹೋಗುತ್ತಿದ್ದವು. ಅಷ್ಟು ಸಣ್ಣ ಮೀನಿನಂತೆ ಕಾಣುವ ಲ್ಯೂರ್ ತೂಕದಲ್ಲಿಯೂ ಸಣ್ಣದಾಗಿರುವುದರಿಂದ ಅಲೆಗಳಾಚೆ ಬೀಳುವುದಿಲ್ಲ. ಭಾರಕ್ಕೆ ಲ್ಯೂರ್, ಬಾಯಿಗೆ ಫ್ಲೈ ಎಂಬ ಯೋಚನೆ ಬಂದದ್ದು ಅಲ್ಲಿಂದ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಸ್ಟ್ರೈಪ್ಡ್ ಬಾಸ್ ಮೀನು ಹಿಡಿಯುವವರು ಇದನ್ನು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಹೊಸದಾಗಿ ಕಂಡುಹಿಡಿದದ್ದು ನಾನಲ್ಲ, ನಮ್ಮ ನೀರಿಗೆ ಹೊಂದಿಸಿದ್ದು ಮಾತ್ರ ನನ್ನದು.

ಹೊಂದಿಸುವುದಕ್ಕೇ ಹೆಚ್ಚು ಹಣ ಹೋಯಿತು. ಮೊದಲು ಮೂರು ಕಣ್ಣಿನ ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಕೊಂಡಿ) ಹಾಕಿದೆ. ಎಸೆದಾಗಲೆಲ್ಲ ಫ್ಲೈ ಮುಖ್ಯ ದಾರಕ್ಕೆ ಸುತ್ತಿಕೊಂಡು ಬರುತ್ತಿತ್ತು. ಬಳಿಕ ಲೀಡರ್‌ನಲ್ಲೇ (ಮುಖ್ಯ ದಾರದ ತುದಿಗೆ ಕಟ್ಟುವ ಗಟ್ಟಿ ದಾರದ ತುಂಡು) ಕುಣಿಕೆ ಹಾಕಿ ಫ್ಲೈ ಇಳಿಬಿಟ್ಟೆ. ಸಿಕ್ಕು ಕಡಿಮೆಯಾಯಿತು, ಆದರೆ ಒಳ್ಳೆಯ ಟ್ರೆವಲಿಯೊಂದು ಕುಣಿಕೆಯ ಗಂಟಿನಲ್ಲೇ ಕಡಿದುಕೊಂಡು ಏಳುನೂರು ರೂಪಾಯಿಯ ಲ್ಯೂರ್ ಸಮೇತ ಹೋಯಿತು. ಕೊನೆಗೆ ನಿಂತದ್ದು ಅತ್ಯಂತ ಸರಳವಾದ ಏರ್ಪಾಡು: ಸಾಮಾನ್ಯ ಸ್ವಿವೆಲ್ ಒಂದು, ಅದರ ಮೇಲಿನ ಕಣ್ಣಿಗೆ ಹತ್ತು ಸೆಂಟಿಮೀಟರ್ ಮೀರದ ತುಂಡಿನಲ್ಲಿ ಫ್ಲೈ, ಕೆಳಗಿನ ಕಣ್ಣಿನಿಂದ ಸುಮಾರು ಅರ್ಧ ಮೀಟರ್ ಲೀಡರ್, ಅದರ ತುದಿಯಲ್ಲಿ ಸ್ನ್ಯಾಪ್ ಕೊಂಡಿ ಮತ್ತು ಲ್ಯೂರ್. ಲೀಡರ್ 40 ಪೌಂಡ್ ಎಳೆತ ತಡೆಯುವುದಾದರೆ ಫ್ಲೈ ಕಟ್ಟುವ ತುಂಡು 60 ಪೌಂಡಿನದಾಗಿರಬೇಕು, ಅದೂ ಅಂಗಡಿಯಲ್ಲಿ ಸಿಗುವ ಅಗ್ಗದ, ಗಡುಸಾದ ತಂಗೂಸಿಯಾಗಿರಬೇಕು. ಮೃದುವಾದ ದುಬಾರಿ ದಾರ ಇಲ್ಲಿ ಕೆಲಸಕ್ಕೆ ಬಾರದು. ದಾರ ಗಡುಸಾಗಿದ್ದರೆ ಫ್ಲೈ ಮುಖ್ಯ ದಾರದಿಂದ ದೂರ ಚಾಚಿಕೊಂಡೇ ಇರುತ್ತದೆ.

ಇನ್ನು ಎಸೆತದ ವಿಷಯ. ದೂರ ಕಡಿಮೆಯಾಗುವುದು ನಿಜ, ನನ್ನ ಹತ್ತು ಅಡಿ ರಾಡಿನಲ್ಲಿ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. ಆದರೆ ಲ್ಯೂರ್ ನೀರಿಗೆ ಬೀಳುವ ಸ್ವಲ್ಪ ಮೊದಲು ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲಿನ ಅಂಚಿಗೆ ಬೆರಳು ತಾಗಿಸಿ ದಾರವನ್ನು ತಡೆದರೆ ಲ್ಯೂರ್ ಮುಂದೆ, ಫ್ಲೈ ಹಿಂದೆ ನೇರವಾಗಿ ಬೀಳುತ್ತವೆ, ಸಿಕ್ಕಿನ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯುತ್ತದೆ. ಮುಖಕ್ಕೆ ಬಡಿಯುವ ಪಡುಗಾಳಿಯಿದ್ದ ದಿನ ನಾನು ಫ್ಲೈ ತೆಗೆದುಬಿಡುತ್ತೇನೆ.

ಫ್ಲೈ ಕಟ್ಟುವುದು ಮಳೆಗಾಲದ ಕೆಲಸ. ನಾನು ಕಟ್ಟುವುದು ಅಮೆರಿಕದ ಫ್ಲೈ ಗಾಳಗಾರ ಲೆಫ್ಟಿ ಕ್ರೇ ಅವರು 1950ರ ದಶಕದ ಕೊನೆಯಲ್ಲಿ ರೂಪಿಸಿದ ಡಿಸೀವರ್ ಮಾದರಿಯನ್ನೇ, ಎರಡರಿಂದ ಮೂರು ಇಂಚಿನಷ್ಟು, 1/0 ಅಳತೆಯ ತುಕ್ಕು ಹಿಡಿಯದ ಗಾಳಕ್ಕೆ. ಆರಂಭದಲ್ಲಿ ಹೊರದೇಶದ ಜಿಂಕೆಬಾಲದ ಕೂದಲನ್ನು ಪೊಟ್ಟಣವೊಂದಕ್ಕೆ ಎಂಟುನೂರರಷ್ಟು ಕೊಟ್ಟು ತರಿಸಿದೆ. ಜುಲೈ ಮುಗಿಯುವಷ್ಟರಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಈಗ ಮಾಂಸದಂಗಡಿಯಿಂದ ತಂದ ಆಡಿನ ಬಾಲದ ಕೂದಲು ಮತ್ತು ಮನೆಯ ನಾಟಿ ಹುಂಜದ ಕುತ್ತಿಗೆಯ ಗರಿ ಸಾಕಾಗುತ್ತವೆ, ಅವನ್ನು ಒಲೆಯ ಮೇಲಿನ ಅಟ್ಟದಲ್ಲಿ ಕರಿಮೆಣಸಿನ ಜೊತೆ ಇಡುತ್ತೇನೆ. ಒಂದು ಫ್ಲೈಗೆ ಗಾಳದ ಬೆಲೆಯೂ ಸೇರಿ ಇಪ್ಪತ್ತು ರೂಪಾಯಿ ಆಗಬಹುದು. ಕಾಡುಕೋಳಿ ಹುಂಜದ ಕುತ್ತಿಗೆಯ ಗರಿ ಫ್ಲೈ ಕಟ್ಟುವವರಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು, ಆ ಹಕ್ಕಿ ನಮ್ಮ ತೋಟದಲ್ಲೇ ಬೆಳಗ್ಗೆ ಕೂಗುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಯಾರಾದರೂ ಅದರ ಗರಿ ತಂದುಕೊಡುತ್ತೇನೆಂದರೆ ಖಂಡಿತ ಮುಟ್ಟಬೇಡಿ.

ಬಣ್ಣದ ಮೇಲೆ ಒಂದಿಡೀ ಮಳೆಗಾಲ ಕಳೆದಿದ್ದೇನೆ. ಗರಿಗೆ ಬಣ್ಣ ಹತ್ತಲು ಹುಳಿ ಬೇಕೆಂದು ಅರಿಸಿನದ ನೀರಿಗೆ ವಿನೆಗರ್ ಬದಲು ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಹಾಕಿ ನೋಡಿದೆ. ಹಳದಿಯ ಹೊಳಪು ಇಳಿದು ಪಾಚಿಯಂತಹ ಕಂದು ಹಸಿರು ಬಂತು. ಮನೆಯಲ್ಲಿ ಕಾಚಂಪುಳಿ ಖಾಲಿಯಾದದ್ದಕ್ಕೆ ಬೈಗುಳವೂ ಬಂತು. ಅಳಿವೆಯ ಕದಡಿದ ನೀರಿಗೆ ಆ ಬಣ್ಣ ಚೆನ್ನಾಗಿಯೇ ಒಗ್ಗಿತು, ಆದರೆ ಅರಿಸಿನ ಬಿಸಿಲಿಗೆ ನಿಲ್ಲುವುದಿಲ್ಲವಾದ್ದರಿಂದ ನಾಲ್ಕಾರು ಬಾರಿ ಎಸೆಯುವುದರಲ್ಲಿ ಮಾಸುತ್ತದೆ. ತಿಳಿನೀರಿನಲ್ಲಿ ಬಣ್ಣವೇ ಹಾಕದ ಬಿಳಿ ಗರಿಯನ್ನು ಮೀರಿಸಿದ್ದು ಯಾವುದೂ ಇಲ್ಲ. ಆ ಬಿಳಿ ಗರಿಗಳ ನಡುವೆ ನಾನು ಇನ್ನೊಂದು ಹೊಳೆಯುವ ಎಳೆಯನ್ನು ಸೇರಿಸುತ್ತೇನೆ. ಅದು ಎಲ್ಲರ ಅಡುಗೆಮನೆಗೂ ಬರುವ ವಸ್ತು ಎಂಬಷ್ಟನ್ನು ಮಾತ್ರ ಹೇಳುತ್ತೇನೆ, ಹೆಸರನ್ನು ಸದ್ಯಕ್ಕೆ ಬರೆಯಲಾರೆ.

ಜೊತೆಗೆ ಕಟ್ಟುವ ಲ್ಯೂರ್‌ಗಳಲ್ಲಿ 30 ಗ್ರಾಮಿಗಿಂತ ಭಾರದ ಮೆಟಲ್ ಜಿಗ್ ಮತ್ತು ಸ್ಪೂನ್ ಅತ್ಯುತ್ತಮ. ಮೀನಿನಾಕಾರದ, ಸಣ್ಣ ತುಟಿಯ ಪ್ಲಗ್ ಲ್ಯೂರ್‌ಗಳೂ ನಡೆಯುತ್ತವೆ, ಆದರೆ ಫ್ಲೈ ತುಸು ದಪ್ಪವಾದರೂ ಅವುಗಳ ಅಲುಗಾಟ ಸಾಯುತ್ತದೆ. ನೀರಿನ ಮೇಲೆ ಸದ್ದು ಮಾಡುವ ಪಾಪರ್ ಜೊತೆ ಪ್ರಯತ್ನಿಸಿ ಬಿಟ್ಟುಬಿಟ್ಟೆ. ಹರಿತ ಹಲ್ಲಿನ ಬ್ಯಾರಕುಡಾ ಬಂದಿರುವ ದಿನ ಫ್ಲೈಯ ಲೆಕ್ಕವನ್ನೇ ಇಡಬಾರದು, ಸಣ್ಣ ತಂತಿ ಹಾಕಿದರೆ ಉಳಿಯುತ್ತವೆ, ಆದರೆ ತಂತಿ ಕಂಡ ಟ್ರೆವಲಿ ಅನುಮಾನಿಸುತ್ತದೆ. ಮೀನುಗಳು ದೊಡ್ಡ ಬೂತಾಯಿ, ಬಂಗುಡೆಯ ಹಿಂದೆ ಬಿದ್ದಿರುವಾಗ ನನ್ನ ಲೆಕ್ಕ ತಲೆಕೆಳಗಾಗುತ್ತದೆ, ಆಗ ಕಚ್ಚುವುದು ಹೆಚ್ಚಾಗಿ ಲ್ಯೂರ್‌ಗೇ. ಇದನ್ನೇ ಕಾವೇರಿಯಲ್ಲಿ ಏಕೆ ಪ್ರಯತ್ನಿಸಬಾರದು ಎಂದು ಕೇಳಿದವರಿದ್ದಾರೆ. ಡುಬ್ಬದ ಮಶೀರ್ 2018ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ, ಅಳಿವಿನ ಅತಿ ಗಂಭೀರ ಅಪಾಯದ ಪಟ್ಟಿ ಸೇರಿದೆ. ಹಿಡಿದು ಬಿಡಬೇಕಾದ ಅಂತಹ ಮೀನಿನ ಮೈಗೆ ಎರಡನೆಯ ಗಾಳವೂ ಚುಚ್ಚುವ ಸಾಧ್ಯತೆಯಿರುವುದರಿಂದ ನಾನು ಅಲ್ಲಿ ಇದನ್ನು ಕಟ್ಟುವುದಿಲ್ಲ.

ಮೀನನ್ನು ದಡಕ್ಕೆ ತರುವಾಗಿನ ಅಪಾಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಮೀನು ಫ್ಲೈ ಕಚ್ಚಿದ್ದರೆ ಕೆಳಗೆ ಲ್ಯೂರ್‌ನ ಮೂರು ಮೊನೆಯ ಗಾಳ ತೂಗಾಡುತ್ತಿರುತ್ತದೆ, ಲ್ಯೂರ್ ಕಚ್ಚಿದ್ದರೆ ಫ್ಲೈ ನೇರವಾಗಿ ಕೈಯ ಮಟ್ಟಕ್ಕೆ ಬರುತ್ತದೆ. ಆದ್ದರಿಂದ ಗಾಳಗಳ ಮೊನೆಯ ಹಿಮ್ಮುಳ್ಳುಗಳನ್ನೆಲ್ಲ ಇಕ್ಕಳದಿಂದ ಒತ್ತಿ ಮಡಚಿರುತ್ತೇನೆ, ಲ್ಯೂರ್‌ನಲ್ಲಿ ಸಾಧ್ಯವಾದಷ್ಟೂ ಒಂಟಿ ಗಾಳ ಹಾಕುತ್ತೇನೆ. ಎರಡಕ್ಕೂ ಒಮ್ಮೆಗೇ ಮೀನು ಬಿದ್ದರೆ ಡ್ರ್ಯಾಗ್ (ದಾರ ಬಿಡುವ ರೀಲಿನ ಬಿಗಿ) ತುಸು ಸಡಿಲಿಸಿ, ಅವಸರ ಮಾಡದೆ, ಅಲೆಯೊಂದು ತಾನಾಗಿ ಎತ್ತಿ ತರುವವರೆಗೆ ಕಾಯಬೇಕು. ದಡಕ್ಕೆ ಬಂದ ಕೂಡಲೇ ನಾನು ಫ್ಲೈ ಕಟ್ಟಿದ ತುಂಡನ್ನು ಕತ್ತರಿಯಿಂದ ಕತ್ತರಿಸಿ ಆ ಮೀನನ್ನು ಬದಿಗಿಟ್ಟು, ನಂತರವೇ ಲ್ಯೂರ್ ಬಿಡಿಸಲು ಕೈ ಹಾಕುತ್ತೇನೆ. ಕಟ್ಟಿ ಸಿದ್ಧವಾಗಿಟ್ಟ ಫ್ಲೈ ತುಂಡುಗಳು ಹಳೆಯ ಕ್ಯಾಸೆಟ್ ಡಬ್ಬಿಯಲ್ಲಿ ಹತ್ತಾರು ಇರುವುದರಿಂದ, ಹೊಸದನ್ನು ಹಾಕಿ ಮತ್ತೆ ಎಸೆಯಲು ಎರಡು ನಿಮಿಷ ಸಾಕು.